ಸಂಧಿವಾತದೊಡನೆ ಬಾಳ್ವೆ



ಗಾಯದ ನೋವು ಗಾಯ ಮಾಯ್ದಂತೆ ಶಮನವಾಗುತ್ತದೆ. ದೇಹಕ್ಕೊದಗಿದ ಅಪಾಯವನ್ನು ತಿಳಿಸುವುದೇ ಅದರ ಕೆಲಸ. ಆದರೆ ಮೂರು ತಿಂಗಳು ಮೀರಿಯೂ ಉಳಿಯುವ ಅಥವಾ ಮರುಕಳಿಸುವ ನೋವನ್ನು ವೈದ್ಯಶಾಸ್ತ್ರವು ದೀರ್ಘಕಾಲದ ನೋವೆಂದು ಪರಿಗಣಿಸುತ್ತದೆ. 2022ರಲ್ಲಿ ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ರೋಗ ವರ್ಗೀಕರಣದ 11ನೆಯ ಆವೃತ್ತಿಯಲ್ಲಿ ಇದಕ್ಕೆ ಪ್ರತ್ಯೇಕ ಸ್ಥಾನ ದೊರೆತಿದೆ. ಇಂತಹ ನೋವನ್ನು ತರುವ ಕಾಯಿಲೆಗಳಲ್ಲಿ ರುಮಟಾಯ್ಡ್ ಆರ್ಥ್ರೈಟಿಸ್ ಎನ್ನಲಾಗುವ ಸಂಧಿವಾತವೂ ಒಂದು.

ದೇಹವನ್ನು ಕಾಯಬೇಕಾದ ರೋಗನಿರೋಧಕ ವ್ಯವಸ್ಥೆಯೇ ಕೀಲುಗಳ ಒಳಪೊರೆಯ ಮೇಲೆ ಎರಗುವುದರಿಂದ ಈ ರೋಗ ಉಂಟಾಗುತ್ತದೆ. ಪುರುಷರಿಗಿಂತ ಸ್ತ್ರೀಯರಲ್ಲಿ ಇದು ಎರಡು ಮೂರು ಪಟ್ಟು ಹೆಚ್ಚು. ಸಾಮಾನ್ಯವಾಗಿ ಎರಡೂ ಕೈಗಳ ಬೆರಳ ಗೆಣ್ಣುಗಳು, ಮಣಿಕಟ್ಟು ಹಾಗೂ ಪಾದದ ಕೀಲುಗಳು ಊದಿಕೊಳ್ಳುತ್ತವೆ. ಮುಂಜಾನೆ ಬಿಗಿದುಕೊಂಡ ಕೀಲುಗಳು ಅರ್ಧ ಗಂಟೆ ಕಳೆದರೂ ಸಡಿಲಗೊಳ್ಳುವುದಿಲ್ಲ. ಹಿಟ್ಟು ನಾದುವುದು, ಬಟ್ಟೆ ಹಿಂಡುವುದು, ಸೀರೆಯ ನೆರಿಗೆ ಹಿಡಿಯುವುದು ಸಹ ಕಷ್ಟವೆನಿಸುತ್ತದೆ. ಹೊತ್ತೇರಿದಂತೆ ಕೈಗಳು ತುಸು ಆಡತೊಡಗುತ್ತವೆ. ಆಗ "ಬೆಳಿಗ್ಗೆ ಆಗದ ಕೆಲಸ ಸಂಜೆ ಹೇಗಾಯಿತು?" ಎಂಬ ಸಂಶಯ ಮನೆಯವರಲ್ಲಿ ಮೂಡುವುದುಂಟು. ಇದು ಸೋಮಾರಿತನವಲ್ಲ, ರೋಗದ ಸ್ವಭಾವವೇ ಹಾಗೆ.

ನೋವಿನ ಗುಳಿಗೆಯು ಯಾತನೆಯನ್ನು ತಗ್ಗಿಸಬಲ್ಲದೇ ಹೊರತು ಕೀಲು ಹಾಳಾಗುವುದನ್ನು ತಡೆಯಲಾರದು. ವೈದ್ಯರನ್ನು ಕೇಳದೆ ಬಹುಕಾಲ ಸೇವಿಸಿದರೆ ಜಠರದಲ್ಲಿ ಹುಣ್ಣಾಗಬಹುದು, ಮೂತ್ರಪಿಂಡಕ್ಕೂ ಹಾನಿಯಾಗಬಹುದು. ರೋಗದ ಗತಿಯನ್ನೇ ತಡೆಯುವ ಔಷಧಗಳು ಬೇರೆ ಇವೆ. ಅವುಗಳಲ್ಲಿ ಮೆಥೊಟ್ರೆಕ್ಸೇಟ್ ಪ್ರಮುಖವಾದುದು. ಅದರ ಗುಣ ಕಾಣಲು ಹಲವು ವಾರಗಳೇ ಬೇಕು. ಸಂಧಿವಾತಕ್ಕೆ ಅದನ್ನು ವಾರಕ್ಕೊಮ್ಮೆ ಮಾತ್ರ ಸೇವಿಸಬೇಕು. ತಪ್ಪಿ ದಿನವೂ ನುಂಗಿದರೆ ಪ್ರಾಣಕ್ಕೇ ಅಪಾಯ. ಆದುದರಿಂದ ಸೇವಿಸುವ ವಾರವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಡುವುದು ಕ್ಷೇಮ. ವೈದ್ಯರು ತಿಳಿಸಿದ ಕಾಲಕ್ಕೆ ರಕ್ತಪರೀಕ್ಷೆ ಮಾಡಿಸಬೇಕು. ಗರ್ಭಿಣಿಯರು ಈ ಔಷಧವನ್ನು ಸೇವಿಸಬಾರದು. ಮಗುವನ್ನು ಬಯಸುವವರು ಮೊದಲೇ ವೈದ್ಯರಿಗೆ ತಿಳಿಸಬೇಕು. ನೋವು ಇಳಿಯಿತೆಂದು ತಾವಾಗಿಯೇ ಔಷಧ ನಿಲ್ಲಿಸಿದರೆ ರೋಗ ಮತ್ತೆ ಕೆರಳುವ ಸಂಭವವಿದೆ.

ಊತ ಹೆಚ್ಚಿದಾಗ ಕೀಲಿಗೆ ವಿಶ್ರಾಂತಿ ಬೇಕು. ಆದರೆ ಸದಾ ಮಲಗಿದ್ದರೆ ಸ್ನಾಯುಗಳು ಸೊರಗಿ, ಕೀಲು ಮತ್ತಷ್ಟು ಬಿಗಿಯುತ್ತದೆ. ಬಿಸಿನೀರಿನ ಶಾಖ, ಮಿತವಾದ ನಡಿಗೆ, ತಜ್ಞರು ಕಲಿಸಿದ ವ್ಯಾಯಾಮ ಹಿತಕರ. ಪಾತ್ರೆಯನ್ನು ಎರಡೂ ಕೈಗಳಿಂದ ಎತ್ತುವುದು, ದಪ್ಪ ಹಿಡಿಯ ಸೌಟು ಬಳಸುವುದು, ಕೆಲಸವನ್ನು ಹಂಚಿಕೊಂಡು ನಡುವೆ ವಿರಮಿಸುವುದು ಬೆರಳುಗಳ ಭಾರವನ್ನು ತಗ್ಗಿಸುತ್ತವೆ.

ಮುಂಬಯಿ, ಚೆನ್ನೈ, ದೆಹಲಿಯಂತಹ ನಗರಗಳಲ್ಲಿ ನೆಲೆಸಿದ ಕನ್ನಡಿಗರಿಗೆ ಇನ್ನೊಂದು ತೊಡಕಿದೆ. ಸೆಳೆತ, ಉರಿ, ಜೋಮು, ಚುಚ್ಚುವಿಕೆ ಎಂಬ ಭೇದಗಳನ್ನು ಪರಭಾಷೆಯಲ್ಲಿ ವಿವರಿಸಲಾಗದೆ ಹಿರಿಯರು "ನೋವು" ಎಂದಷ್ಟೇ ಹೇಳಿ ಸುಮ್ಮನಾಗುತ್ತಾರೆ. ಯಾವ ಕೀಲು, ಎಷ್ಟು ಹೊತ್ತು, ಎಂತಹ ನೋವು ಎಂಬುದನ್ನು ದಿನದಿನವೂ ಕನ್ನಡದಲ್ಲೇ ಬರೆದಿಟ್ಟು, ಆ ಊರಿನ ಭಾಷೆ ಬಲ್ಲ ಮನೆಯವರು ಜೊತೆಗೆ ಹೋಗಿ ವೈದ್ಯರಿಗೆ ತಿಳಿಸಿದರೆ ಚಿಕಿತ್ಸೆ ಸುಗಮವಾಗುತ್ತದೆ.

ಸಂಧಿವಾತವನ್ನು ಬುಡಸಹಿತ ಕೀಳುವ ಔಷಧ ಇನ್ನೂ ದೊರೆತಿಲ್ಲ. ಆದರೆ ಮೊದಲ ತಿಂಗಳುಗಳಲ್ಲೇ ಚಿಕಿತ್ಸೆ ಆರಂಭಿಸಿದರೆ ಅನೇಕರಲ್ಲಿ ರೋಗವನ್ನು ಹತೋಟಿಯಲ್ಲಿಡಬಹುದು, ಕೈಗಳು ವಕ್ರವಾಗುವುದನ್ನು ತಪ್ಪಿಸಬಹುದು. ಅದಕ್ಕೆ ವೈದ್ಯರ ನೆರವು ಎಷ್ಟು ಅಗತ್ಯವೋ, ರೋಗಿಯ ಮಾತನ್ನು ನಂಬುವ ಮನೆಯೂ ಅಷ್ಟೇ ಅಗತ್ಯ.