ಸಂಜೆಯ ಏಕಾಂತ

ಸಂಜೆಯ ಹೊತ್ತು ನೀವು ಒಬ್ಬರೇ ಕುಳಿತಿದ್ದರೆ ನಮ್ಮ ಜನ ಸುಮ್ಮನಿರುವುದಿಲ್ಲ. ‘ಏಕೆ, ಮೈ ಸರಿಯಿಲ್ಲವೆ?’ ಎಂದು ಕೇಳಿಯೇ ಕೇಳುತ್ತಾರೆ. ಏಕಾಂತ ಬೇರೆ, ಒಂಟಿತನ ಬೇರೆ ಎಂದು ಅವರಿಗೆ ಹೇಳುವುದು ಕಷ್ಟ. ಆದರೆ ಬಯಸಿ ಪಡೆದ ಏಕಾಂತವೂ, ಒಂದು ಕ್ರಮವಿಲ್ಲದೆ ಹೋದರೆ, ಎರಡು ಗಂಟೆಯೊಳಗೆ ಒಂಟಿತನವಾಗಿಬಿಡುತ್ತದೆ.

ಇದು ನನ್ನ ಅನುಭವ. ಒಬ್ಬನೇ ಬಾಳತೊಡಗಿದ ಹೊಸದರಲ್ಲಿ ಕೆಲಸದಿಂದ ಬಂದವನು ದೀಪವನ್ನೂ ಹಾಕದೆ ಮೊಬೈಲ್ ಫೋನ್ ನೋಡುತ್ತ ಕುಳಿತು, ಹತ್ತು ಗಂಟೆಗೆ ಒಂದಿಷ್ಟು ಮೊಸರನ್ನ ಕಲಸಿಕೊಂಡು ಮಲಗುತ್ತಿದ್ದೆ. ಏಕಾಂತಪ್ರಿಯನೆಂಬ ಹೆಮ್ಮೆ ಬೇರೆ! ನಿದ್ರೆ ಮಾತ್ರ ಬರುತ್ತಿರಲಿಲ್ಲ.

ಈಗ ಬಂದೊಡನೆ ಕೈಕಾಲು ತೊಳೆದು ದೀಪ ಹಚ್ಚುತ್ತೇನೆ. ಹಗಲು ಮುಗಿಯಿತೆಂದು ಮನಸ್ಸಿಗೆ ತಿಳಿಸಲು ಅಷ್ಟು ಸಾಕು. ಸಂಜೆಯ ಕಾಫಿಯನ್ನು ಬಿಟ್ಟಿದ್ದೇನೆ. ಮೈಸೂರು ಸೀಮೆಯವರಿಗೆ ಈ ಮಾತು ರುಚಿಸದು, ಬಲ್ಲೆ. ಆದರೆ ಅದರೊಳಗಿನ ಕೆಫೀನ್ ಅರ್ಧಕ್ಕೆ ಇಳಿಯಲು ಬಹುಮಂದಿಗೆ ಸುಮಾರು 5 ಗಂಟೆಯಾದರೂ ಬೇಕು. 6 ಗಂಟೆಗೆ ಕುಡಿದ ಲೋಟದ ಅರ್ಧ ಪಾಲು 11ಕ್ಕೂ ಮೈಯಲ್ಲೇ ಉಳಿದಿರುತ್ತದೆ.

ಒಬ್ಬರಿಗೇ ಆದರೂ ಅಡುಗೆ ಮಾಡಿ: ತಿಳಿಸಾರು, ಅನ್ನ, ಒಂದು ಸುಟ್ಟ ಹಪ್ಪಳ. ಒಲೆಯ ಮುಂದೆ ನಿಂತೇ ತಿಂದು ಮುಗಿಸಬೇಡಿ. ತಟ್ಟೆ ಇಟ್ಟುಕೊಂಡು ಕುಳಿತು ಉಣ್ಣಿ. ಬೇಯುವಷ್ಟು ಹೊತ್ತು ಸಂಗೀತವಿರಲಿ. ಹಿಂದುಸ್ತಾನಿ ಪದ್ಧತಿಯವರು ರಾಗಗಳಿಗೆ ಹೊತ್ತು ಗೊತ್ತುಮಾಡಿದ್ದಾರೆ. ಸೂರ್ಯ ಮುಳುಗುವಾಗ ಮಾರವಾ. ಅದರಲ್ಲಿ ಗಾಯಕರು ಷಡ್ಜವನ್ನು ತಪ್ಪಿಸಿ ತಪ್ಪಿಸಿ ನಡೆಯುವುದರಿಂದ ಕೇಳುವವನ ಮನಸ್ಸು ನೆಲೆಯಿಲ್ಲದೆ ತಡಕಾಡುತ್ತದೆ. ರಾತ್ರಿಯ ಮೊದಲ ಜಾವಕ್ಕೆ ಯಮನ್. ಅದು ಬಂದಾಗ ನನಗಂತೂ ಕೂರಲು ಜಾಗ ಸಿಕ್ಕಂತಾಗುತ್ತದೆ. ಮುಸ್ಸಂಜೆಯ ತಳಮಳವನ್ನು ಆ ಹಿರಿಯರು ಚೆನ್ನಾಗಿ ಬಲ್ಲವರು.

ಊಟವಾದ ಮೇಲೆ ದೊಡ್ಡ ದೀಪಗಳನ್ನು ಆರಿಸಿ. ನಿದ್ರೆಗೆ ಅಣಿಮಾಡುವ ಮೆಲಟೋನಿನ್ ಎಂಬ ರಸ ಕತ್ತಲಲ್ಲಿ ಹೆಚ್ಚುತ್ತದೆ, ಪ್ರಖರ ಬೆಳಕಿನಲ್ಲಿ ಕುಗ್ಗುತ್ತದೆ. ಫೋನು ಬೇರೆ ಕೋಣೆಯಲ್ಲಿರಲಿ. ಕದ ತಟ್ಟದೆ ಒಳಗೆ ಬರುವ ಅತಿಥಿ ಅದು.

ಒಂದು ಎಚ್ಚರಿಕೆ ಮಾತ್ರ ಬೇಕು. ಯಾರಾದರೂ ಕದ ತಟ್ಟಿದರೆ ಎದೆ ಹಾರುವಂತಾದರೆ, ವಾರಗಟ್ಟಲೆ ಬೇಸರ ಬಿಡದಿದ್ದರೆ, ಅದನ್ನು ಏಕಾಂತವೆಂದು ಕರೆಯಬೇಡಿ, ವೈದ್ಯರಿಗೆ ಹೇಳಿಕೊಳ್ಳಿ. ನಾನು ಗುರುವಾರದ ಸಂಜೆ ಕದ ತೆರೆದಿಡುತ್ತೇನೆ. ಪಕ್ಕದ ಮನೆಯ ಹಿರಿಯರು ಬರುತ್ತಾರೆ. ಅವರೂ ಹೆಚ್ಚು ಮಾತಿನವರಲ್ಲ. ಇಬ್ಬರೂ ಸಂಗೀತ ಕೇಳುತ್ತೇವೆ. ಒಂಬತ್ತಕ್ಕೆ ಅವರು ‘ಬರ್ತೀನಪ್ಪ’ ಎಂದು ಚಪ್ಪಲಿ ಮೆಟ್ಟಿಕೊಳ್ಳುತ್ತಾರೆ.