ಯಂತ್ರದ ಕ್ಲಿಷ್ಟಪಾಠ

ಕನ್ನಡ ಪಾಠ ಹೇಳಿ ನಿವೃತ್ತನಾದವನು ಮೋಟಾರು ಪಂದ್ಯದ ಮಾತೆತ್ತಿದರೆ ಕೇಳುಗರು ಹುಬ್ಬೇರಿಸಿಯಾರು. ಆದರೆ ಗ್ರಂಥಸಂಪಾದನೆಯ ಶಿಸ್ತಿಗೆ ಹತ್ತಿರವಾದುದೊಂದನ್ನು ನಾನು ಕಂಡದ್ದು ಅಮೆರಿಕದ ಡ್ರ್ಯಾಗ್ ಓಟದಲ್ಲಿ. ಎರಡು ವಾಹನಗಳು ನಿಂತಲ್ಲಿಂದ ಹೊರಟು ಕಾಲು ಮೈಲಿ, ಎಂದರೆ 402 ಮೀಟರು, ನೇರವಾಗಿ ಓಡಬೇಕು. ಅದರಲ್ಲಿ ‘ಸ್ಟಾಕ್’ ಎಂಬುದೊಂದು ವರ್ಗ. ಕಾರ್ಖಾನೆ ಮಾರಿದ ವಾಹನವನ್ನು ಬಹುಮಟ್ಟಿಗೆ ಅದೇ ರೂಪದಲ್ಲಿ ಓಡಿಸಬೇಕೆಂಬುದು ಅಲ್ಲಿನ ಕಟ್ಟಳೆ. ಆದಕಾರಣ ಓಟಗಾರರು ಹಳೆಯ ಪಟ್ಟಿಗಳನ್ನು ಜಾಲಾಡಿ, ಕಾರ್ಖಾನೆಯವರೇ ಅಪರೂಪಕ್ಕೆ ಜೋಡಿಸಿದ ಎಂಜಿನ್ನು-ಗೇರುಗಳನ್ನು ಹುಡುಕುತ್ತಾರೆ.

1963-64ರಲ್ಲಿ ಕ್ರೈಸ್ಲರ್ ಕಂಪನಿ 426 ಘನ ಅಂಗುಲದ, ಸುಮಾರು ಏಳು ಲೀಟರಿನ ರಾಕ್ಷಸ ಎಂಜಿನ್ನಿಗೆ ಗುಂಡಿ ಒತ್ತಿ ಬದಲಿಸುವ ಸ್ವಯಂಚಾಲಿತ ಗೇರನ್ನು ಕೂಡಿಸಿ ಮಾರಿತು. ಸಂಸಾರವಂದಿಗರ ಕಾರಿಗೆ ಒಪ್ಪುವ ಸಲಕರಣೆ ಅದು! ಆದರೆ ಕೈಯಿಂದ ಗೇರು ಬದಲಿಸುವಾಗ ಚಕ್ರಕ್ಕೆ ಶಕ್ತಿ ಕ್ಷಣಕಾಲ ತಪ್ಪುತ್ತದೆ. ಇಲ್ಲಿ ಎಳೆತ ಕಡಿಯುವುದಿಲ್ಲ. ನಕ್ಕವರು ಸೋತರು.

ನಮ್ಮಲ್ಲಿಯೂ ಇಂಥ ಜೋಡಿಗಳಿದ್ದವು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ 1996ರವರೆಗೆ ಮಾಡಿದ ಜಾವಾ, ಯೆಜ್ಡಿಗಳಲ್ಲಿ ಕಿಕ್ಕಿಗೂ ಗೇರಿಗೂ ಒಂದೇ ಸನ್ನೆ. ಇನ್ನೂ ವಿಚಿತ್ರವಾದುದು ಡೀಸೆಲ್ ಎನ್‌ಫೀಲ್ಡ್. 325 ಸಿ.ಸಿ.ಯ, ಆರೂವರೆ ಅಶ್ವಶಕ್ತಿಯ ಅದರ ಎಂಜಿನ್ನು ನೀರೆತ್ತುವ ಪಂಪಿನ ಕುಲದ್ದು. ಬೆನ್ನಿಗಿದ್ದದ್ದು ಪೆಟ್ರೋಲ್ ಬುಲೆಟ್ಟಿನ ನಾಲ್ಕು ಗೇರಿನ ಪೆಟ್ಟಿಗೆ. ನಿಮಿಷಕ್ಕೆ 3600 ಸುತ್ತಿಗೇ ಎಂಜಿನ್ನಿನ ಉಸಿರು ಮುಗಿಯುತ್ತಿತ್ತು. ಒಂದೊಂದು ಗೇರೂ ತೊಡುವಷ್ಟರಲ್ಲಿ ಸಾಲದಾಗುತ್ತಿತ್ತು. ಪಂದ್ಯದಲ್ಲಿ ಅದಕ್ಕೆ ಗೆಲುವಿನ ಮಾತೇ ಇಲ್ಲ. ಎಣ್ಣೆ ಮಾತ್ರ ಬಹಳ ಉಳಿಸುತ್ತಿತ್ತು.

ಚಿತ್ತಾಪುರದ ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ತಂದೆ ಅಂಥದೊಂದರ ಮೇಲೆ ಶಹಾಬಾದಿನ ಹಾಸುಗಲ್ಲಿನ ಗಣಿಗಳಿಗೂ ವಾಡಿಗೂ ಓಡಾಡುತ್ತಿದ್ದರು. ಅವರು ತೀರಿಕೊಂಡ ಮೇಲೆ ಮಗ ಅದಕ್ಕೆ ಪೆಟ್ರೋಲ್ ಎಂಜಿನ್ನು ಕೂಡಿಸಲು ಹೊರಟ. ಸೇಡಂನ ಮಿಸ್ತ್ರಿಯೊಬ್ಬರು ವಾರದ ಕೆಲಸವೆಂದಿದ್ದರಂತೆ. “ಚಿಂಚೋಳಿ ದಾರ್ಯಾಗ ಲಾರಿನೂ ನನ್ನ ದಾಟಿ ಹೋಗತಾವ್ರಿ ಸರ್” ಎಂದು ಅವನ ಅಳಲು. ಅದೂ ಸುಳ್ಳಲ್ಲ.

ತಾಳೆಗರಿಯಲ್ಲಿ ಕ್ಲಿಷ್ಟಪಾಠ ಎದುರಾದಾಗ ತಿದ್ದಿ ಸುಲಭಗೊಳಿಸುವುದು ಲಿಪಿಕಾರರ ಚಾಳಿ. ಅದೇ ಮೂಲಪಾಠವಿರಬಹುದೇ ಎಂದು ಸಂಪಾದಕನಾದವನು ಮೊದಲು ಕೇಳಿಕೊಳ್ಳಬೇಕು. ಕವಿರಾಜಮಾರ್ಗದ ಕಾಲದ ರಾಜಧಾನಿ ಮಳಖೇಡ ಸೇಡಂ ತಾಲ್ಲೂಕಿನಲ್ಲೇ ಇರುವಾಗ ಈ ಮಾತಿಗೆ ನನಗೆ ಸಂಕೋಚವಿಲ್ಲ. ಡೀಸೆಲ್ ಬೈಕು ಈಗ ಕಾರ್ಖಾನೆಯಿಂದ ಬರುತ್ತಿಲ್ಲ. ಬಿಚ್ಚಿ ಬೇರೆ ಮಾಡಿದ ಪ್ರತಿಯೊಂದೂ ಕಳೆದುಹೋದ ಒಂದು ಹಸ್ತಪ್ರತಿಯೇ. ವೇಗ ಬೇಕಿದ್ದರೆ ಬೇರೆ ಗಾಡಿ ಕೊಳ್ಳಪ್ಪಾ ಎಂದೆ.

ಸಾಲ ಮಾಡಿ ಕೊಂಡ. ತಂದೆಯ ಗಾಡಿ ಹಾಗೆಯೇ ಇದೆ. ಅದರ ಡೀಸೆಲ್ ನಾಜಲ್ಲು ಕೆಟ್ಟಿದೆ, ಎಲ್ಲಿಯೂ ಸಿಗುತ್ತಿಲ್ಲವೆಂದು ಮೊನ್ನೆ ಫೋನು ಮಾಡಿದ್ದ. ಪಂಪುಸೆಟ್ಟು ರಿಪೇರಿ ಮಾಡುವವರನ್ನು ವಿಚಾರಿಸೆಂದು ಹೇಳಿದ್ದೇನೆ.