ಕೂಸಿನ ಕಾಲಿನ ಗಂಟು: ಕತ್ತರಿಗೂ ಮೊದಲು ಸೂಜಿ



1956ರಲ್ಲಿ ಗುಲಬರ್ಗಾ ಜಿಲ್ಲೆಯಿಂದ ಕೊಡಂಗಲ್, ತಾಂಡೂರು ತಾಲ್ಲೂಕುಗಳು ಆಂಧ್ರಪ್ರದೇಶಕ್ಕೆ ಸೇರಿದವು. ಗಡಿ ಸರಿದರೂ ಇಲ್ಲಿನ ಮಕ್ಕಳ ಕನ್ನಡ ಉಳಿಯಲಿ ಎಂದು ದುಡಿದ ಹಿರಿಯರ ನೆನಪಿನ ದತ್ತಿ ಉಪನ್ಯಾಸವಿದು. ಅವರ ಹೆಸರಿನಲ್ಲಿ ವೈದ್ಯಕೀಯದ ಮಾತನ್ನು ಕನ್ನಡದಲ್ಲೇ ಆಡುವುದು ನನ್ನ ಭಾಗ್ಯ.

ಸ್ನಾಯು, ಕೊಬ್ಬು, ರಕ್ತನಾಳ, ನಾರುಕಟ್ಟುಗಳಲ್ಲಿ ಹುಟ್ಟುವ ಗಂಟುಗಳೇ ಮೆದು ಅಂಗಾಂಶದ ಗಡ್ಡೆಗಳು. ಶಿಶುಗಳಲ್ಲಿ ಹೆಚ್ಚಿನವು ಅಪಾಯವಿಲ್ಲದವು. ಅವುಗಳ ವರ್ಗೀಕರಣ ಪಠ್ಯಪುಸ್ತಕಗಳಲ್ಲಿದೆ. ನಾನು ಒಂದನ್ನೇ ಹಿಡಿದು ಮಾತಾಡುತ್ತೇನೆ: ಶಿಶುಗಳ ಫೈಬ್ರೋಸಾರ್ಕೋಮ ಎಂಬ ಕ್ಯಾನ್ಸರ್.

ಮೂರು ತಿಂಗಳ ಕೂಸೊಂದು ಬಂತು. ಮೀನಖಂಡದ ಮೇಲೆ ನೇರಳೆ ಬಣ್ಣಕ್ಕೆ ತಿರುಗಿ ಹೊಳೆಯುವ ಬಿಗಿ ಚರ್ಮ. ದೃಷ್ಟಿಗೆಂದು ಕಟ್ಟಿದ್ದ ಕರಿದಾರ ಬಾವಿಗೆ ಕಚ್ಚಿಕೊಂಡು, ಅಜ್ಜಿ ಅದನ್ನು ಕತ್ತರಿಸಿ ತೆಗೆದಿದ್ದರು. ಒಂದು ಕಡೆ ರಕ್ತನಾಳದ ಗಂಟೆಂದು ಪ್ರೊಪ್ರನೊಲೋಲ್ ಕೊಟ್ಟಿದ್ದರು. ಇನ್ನೊಂದು ಕಡೆ ಕಾಲು ತೆಗೆಯಲು ದಿನ ಗೊತ್ತುಮಾಡಿದ್ದರು. ಗಂಟಿನ ಚೂರು ತೆಗೆದು ಪರೀಕ್ಷಿಸುವ ಬಯಾಪ್ಸಿ ಎಲ್ಲೂ ಆಗಿರಲಿಲ್ಲ. "ಸಾಹೇಬ್ರ, ಕಾಲು ಉಳೀತದೇನ್ರಿ?" ಅಂದರು ಅಜ್ಜಿ.

ಸಾರ್ಕೋಮ ಅಂದಮೇಲೆ ಕತ್ತರಿಸಲೇಬೇಕು ಎನ್ನುವ ಹಿರಿಯ ಶಸ್ತ್ರವೈದ್ಯರಿದ್ದಾರೆ. ಅದು ದೊಡ್ಡವರ ರೋಗದಿಂದ ಕಲಿತ ಪಾಠ. ಕೂಸುಗಳಲ್ಲಿ ಈ ಗಡ್ಡೆ ಬೇಗ ಬೆಳೆದರೂ ದೂರದ ಅಂಗಗಳಿಗೆ ಹರಡುವುದು ಅಪರೂಪ. ಇಟಿವಿ6, ಎನ್‌ಟಿಆರ್‌ಕೆ3 ಎಂಬ ಎರಡು ಜೀನ್‌ಗಳು ಬೆಸೆದುಕೊಳ್ಳುವುದೇ ಬಹುಪಾಲು ಇದರ ಮೂಲವೆಂದು 1998ರಲ್ಲಿ ತಿಳಿಯಿತು. 2016ರಲ್ಲಿ ಯುರೋಪಿನ ತಂಡ ವರದಿ ಮಾಡಿದ 50 ಶಿಶುಗಳಲ್ಲಿ ಅಂಗ ಕೆಡಿಸುವ ಶಸ್ತ್ರಕ್ರಿಯೆ ನಡೆದದ್ದು ಮೂವರಿಗೆ ಮಾತ್ರ. ಮೂರು ವರ್ಷದ ಬದುಕುಳಿವು ಶೇ. 94. ಸುಲಭವಾಗಿ ತೆಗೆಯಲಾಗದ ಗಡ್ಡೆಗೆ ಅವರು ಮೊದಲು ಕೊಟ್ಟದ್ದು ಎರಡೇ ಹಳೆಯ ಔಷಧ: ವಿನ್‌ಕ್ರಿಸ್ಟಿನ್, ಆಕ್ಟಿನೊಮೈಸಿನ್.

ಇನ್ನೊಂದು ವಾದ ನನ್ನನ್ನು ಹೆಚ್ಚು ಕಾಡುತ್ತದೆ: "ಹಳ್ಳಿಯವರು ವಾರವಾರ ಬರುವುದಿಲ್ಲ, ಒಂದೇ ಸಲ ಕತ್ತರಿಸಿ ಮುಗಿಸಿ." ಇದರಲ್ಲಿ ಕರುಣೆಯಿದೆ, ಲೆಕ್ಕ ತಪ್ಪಿದೆ. ಮೂಳೆಯ ನಡುವೆ ಕತ್ತರಿಸಿದರೆ ಬೆಳೆಯುವ ಮಗುವಿನ ಮೋಟುಮೂಳೆ ಚೂಪಾಗಿ ಚರ್ಮವನ್ನು ಒತ್ತುತ್ತದೆ, ಮತ್ತೆ ಕೊಯ್ಯಬೇಕಾಗಬಹುದು. ಕಾಲು ಬೆಳೆದಂತೆ ಕೃತಕ ಕಾಲನ್ನೂ ಬದಲಿಸುತ್ತಿರಬೇಕು. ಕೆಲವು ತಿಂಗಳ ಓಡಾಟ ತಪ್ಪಿಸಲು ಹೋಗಿ ಇಡೀ ಬಾಲ್ಯದ ಓಡಾಟ ಹೊರಿಸಿದಂತಾಯಿತು.

2018ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಲಾರೊಟ್ರೆಕ್ಟಿನಿಬ್ ಎಂಬ ಹೊಸ ಔಷಧವನ್ನೇ ಮೊದಲು ಕೊಡಿ ಎನ್ನುವವರಿದ್ದಾರೆ. ಅದು ಒಳ್ಳೆಯ ಔಷಧ. ಆದರೆ ಅದರ ಬೆಲೆ ನಮ್ಮ ಕುಟುಂಬಗಳಿಗೆ ಎಟುಕದು. ಹಳೆಯ ಔಷಧಕ್ಕೆ ಗಡ್ಡೆ ಬಗ್ಗದಿದ್ದಾಗ ಅದರ ಸರದಿ ಎಂಬುದು ನನ್ನ ನಿಲುವು. ಹಳೆಯವೂ ಹಗುರವಲ್ಲ: ವಿನ್‌ಕ್ರಿಸ್ಟಿನ್ ನಾಳದಿಂದ ಸೋರಿದರೆ ಚರ್ಮ ಸುಡುತ್ತದೆ, ಆಕ್ಟಿನೊಮೈಸಿನ್‌ನಿಂದ ಎಳೆಯ ಮಕ್ಕಳ ಯಕೃತ್ತಿಗೆ ಪೆಟ್ಟಾಗಬಹುದು. ಪ್ರಮಾಣವನ್ನು ತಗ್ಗಿಸಿ, ತೂಕ ನೋಡಿ ಕೊಡಬೇಕು.

ಆ ಕೂಸಿಗೆ ಸೂಜಿ ಬಯಾಪ್ಸಿ ಮಾಡಿ, ಇದೇ ರೋಗವೆಂದು ಖಚಿತವಾದ ಮೇಲೆ ಆ ಹಳೆಯ ಔಷಧಗಳನ್ನು ಶುರುಮಾಡಿದೆವು. ವಾರವಾರ ಹಿಡಿದ ಅಳತೆಯ ಟೇಪು ಸಡಿಲವಾಗುತ್ತ ಬಂತು. ಉಳಿದ ಸಣ್ಣ ಗಂಟನ್ನು ಆಮೇಲೆ ತೆಗೆದೆವು. ಅಜ್ಜಿ ಅದೇ ಕಾಲಿಗೆ ಮತ್ತೆ ಕರಿದಾರ ಕಟ್ಟಿದರು.

ಆಶಾ ಕಾರ್ಯಕರ್ತೆಯರೆ, ಅಂಗನವಾಡಿ ಅಕ್ಕಂದಿರೆ, ವಾರದಿಂದ ವಾರಕ್ಕೆ ಬೆಳೆಯುವ ಗಂಟನ್ನು ಕಂಡರೆ ಕಾಯಬೇಡಿ. ಹೈದರಾಬಾದಿಗೋ ಕಲಬುರಗಿಗೋ ಕಳಿಸಿ. ತಾಯಂದಿರೆ, ಕಾಲು ತೆಗೆಯುವ ಕಾಗದಕ್ಕೆ ಸಹಿ ಹಾಕುವ ಮೊದಲು ಒಂದು ಮಾತು ಕೇಳಿ: "ಬಯಾಪ್ಸಿ ಆಯಿತೇನ್ರಿ?"